ಮಟಮಟ ಮಧ್ಯಾಹ್ನದ ಇಬ್ಬನಿ

ಮಾರ್ಚ್ 4, ಸೋಮವಾರ

ಇವತ್ತಿನಿಂದ ಪಂದ್ಯ ಶುರು. ಮೇಡಂ ಅದನ್ನು "ಹೋಲಿಕೆ" ಎಂದರು. ನಿರ್ದೇಶಕರ ಕುರ್ಚಿಯಲ್ಲಿ ಕೂತವರು ಪಂದ್ಯ ಎನ್ನುವಂತಿಲ್ಲ.

ನಮ್ಮ ಹವಾಮಾನ ಕೇಂದ್ರದ ಹುಲ್ಲುಗಾವಲಿನಲ್ಲಿ ನೆಲದಿಂದ ಗಾಳಿಗೆ ಎಷ್ಟು ಬಿಸಿ, ಎಷ್ಟು ಆವಿ ಹೋಗುತ್ತದೆಂದು ಅಳೆಯುವ ಎರಡು ಸಲಕರಣೆಗಳಿವೆ. ಒಂದು ನನ್ನ ಕಂಬ. ಎರಡು ಆಳೆತ್ತರ. ಅದರ ತುದಿಯ ಕಣ್ಣು ಗಾಳಿಯ ಒಂದೊಂದು ಸುಳಿಯನ್ನೂ ಅದರೊಳಗಿನ ತೇವವನ್ನೂ ಸೆಕೆಂಡಿಗೆ ಇಪ್ಪತ್ತು ಸಲ ಹಿಡಿಯುತ್ತದೆ. ಇನ್ನೊಂದು ಆಚೆ ಮೂಲೆಯ ತೊಟ್ಟಿ. ನೆಲದಲ್ಲಿ ಹೂತ ಉಕ್ಕಿನ ಪೆಟ್ಟಿಗೆ, ಅದರ ತುಂಬ ಮಣ್ಣು, ಮೇಲೆ ಹುಲ್ಲು, ಅಡಿಯಲ್ಲಿ ತಕ್ಕಡಿ. ನೀರು ಆವಿಯಾದಷ್ಟು ತೊಟ್ಟಿ ಹಗುರವಾಗುತ್ತದೆ. ಅಷ್ಟೇ ಅದರ ಬುದ್ಧಿ.

ಮುಂದಿನ ತಿಂಗಳು ಎರಡರಲ್ಲಿ ಒಂದನ್ನು ಮಾತ್ರ ಉಳಿಸಿಕೊಳ್ಳುತ್ತಾರಂತೆ. ಸೋತದ್ದು ತೊಟ್ಟಿಯಾದರೆ ಮುಚ್ಚುತ್ತಾರೆ, ಕಂಬವಾದರೆ ಕೀಳುತ್ತಾರೆ. ಯಾವುದೇ ಆಗಲಿ, ಅದನ್ನು ನೋಡಿಕೊಳ್ಳುವವನಿಗೆ ಹೊಸ ಕೇಂದ್ರಕ್ಕೆ ವರ್ಗ. ರೈಲಿನಲ್ಲಿ ಒಂದು ಹಗಲು, ಒಂದು ರಾತ್ರಿಯ ದಾರಿ.

ಸಂಜೆ ಅಕ್ಕನಿಗೆ ಹೇಳಿದೆ. ಅವಳು ಹೊಲಿಗೆ ಯಂತ್ರದಿಂದ ತಲೆ ಎತ್ತಲಿಲ್ಲ.

"ನೀನು ಸೋತ್ರೆ?"

"ಸೋಲಲ್ಲ."

"ಸೋತ್ರೆ ಅಂದೆ. ಅಲ್ಲಿ ನಿನ್ನ ಕಾಲುಚೀಲ ಯಾರು ಹುಡುಕಿಕೊಡ್ತಾರೆ?"

ಭಾವ ತೀರಿಕೊಂಡ ವರ್ಷ ನಾನು ಬಂದು ಅಕ್ಕನ ಜೊತೆ ಸೇರಿದೆ. ನಾನು ಅವಳಿಗೆ ಆಸರೆ ಎಂದು ನಾನು ತಿಳಿದಿದ್ದೇನೆ. ಅವಳು ನನ್ನ ಬಗ್ಗೆ ಏನು ತಿಳಿದಿದ್ದಾಳೋ, ಈ ಕಾಲುಚೀಲದ ಮಾತಿನಲ್ಲಿ ಸ್ವಲ್ಪ ಇಣುಕುತ್ತದೆ.

ಮಾರ್ಚ್ 6

ಹನ್ನೊಂದರಿಂದ ನಾಲ್ಕರವರೆಗೆ ಕಂಬದ ಸುತ್ತ ಯಾರೂ ಸುಳಿಯಕೂಡದು. ನಾನೇ ಮಾಡಿದ ನಿಯಮ. ಸಲಕರಣೆಯ ದೃಷ್ಟಿಯಲ್ಲಿ ಮನುಷ್ಯನೆಂದರೆ ಬೆಚ್ಚಗಿರುವ, ತೇವವಾಗಿರುವ, ಅತ್ತಿತ್ತ ಅಲೆಯುವ ಒಂದು ತೊಂದರೆ. ಅವನು ಉಸಿರು ಬಿಟ್ಟರೆ ಕಂಬ ಅದನ್ನು ಹುಲ್ಲಿನ ಉಸಿರೆಂದು ಬರೆದುಕೊಳ್ಳುತ್ತದೆ. ಹಾಗಾಗಿ ನಾನೂ ಹೋಗುವುದಿಲ್ಲ. ಹುಲ್ಲುಗಾವಲನ್ನು ನಾನು ನೋಡುವುದು ಕೋಣೆಯ ಪರದೆಯ ಮೇಲೆ. ಕೋಣೆಯ ಕಿಟಕಿ ತೆರೆಯುವುದು ಸೈಕಲ್ ನಿಲ್ಲಿಸುವ ಜಾಗಕ್ಕೆ.

ತೊಟ್ಟಿಯ ಮೂಲೆ ಈ ನಿಯಮದ ಆಚೆಗಿದೆ. ಅಲ್ಲಿ ಏನು ಬೇಕಾದರೂ ನಡೆಯಬಹುದು.

ಕಾರಿಡಾರಿನಲ್ಲಿ ತೊಟ್ಟಿಯನ್ನು ನೋಡಿಕೊಳ್ಳುವ ತೊಟ್ಟಿಯವರು ಎದುರಾದರು. ಐವತ್ತೈದರ ಆಸುಪಾಸು, ಹೆಂಡತಿ ಇಲ್ಲ, ಕೋಟಿನ ನಡುವಿನ ಗುಂಡಿಯೂ ಇಲ್ಲ.

"ಏನ್ರೀ ಕಂಬದೋರೆ, ಕಳೆದುಹೋದ ಬಿಸಿ ಸಿಕ್ತಾ?"

ಇದು ಹಳೆಯ ಚುಚ್ಚುಮಾತು. ಬಿಸಿಲಿನಿಂದ ನೆಲಕ್ಕೆ ಬಂದ ಬಿಸಿಯಲ್ಲಿ ಸ್ವಲ್ಪ ಮಣ್ಣಿಗಿಳಿಯುತ್ತದೆ. ಉಳಿದದ್ದು ಬಿಸಿಗಾಳಿಯಾಗಿಯೋ ಆವಿಯಾಗಿಯೋ ಮೇಲೆ ಹೋಗಲೇಬೇಕು. ನನ್ನ ಕಂಬಕ್ಕೆ ಅದರಲ್ಲಿ ಐದರಲ್ಲೊಂದು ಪಾಲು ಕಾಣಿಸುವುದೇ ಇಲ್ಲ. ಜಗತ್ತಿನ ಬಹುಪಾಲು ಕಂಬಗಳಿಗೆ ಈ ಕಾಯಿಲೆಯಿದೆ. ಎಲ್ಲರಿಗೂ ಇರುವ ಕಾಯಿಲೆಯನ್ನು ಆರೋಗ್ಯ ಅನ್ನಬಹುದೇ ಎಂದು ಮೇಡಂ ಒಮ್ಮೆ ಕೇಳಿದ್ದರು. ಅದನ್ನು ಹೊಗಳಿಕೆ ಎಂದು ನಾನು ತಿಳಿದುಕೊಂಡಿರಲಿಲ್ಲ.

"ನಿಮ್ಮ ತೊಟ್ಟಿಗೆ ಅದರಷ್ಟೇ ಅಗಲದ ಪ್ರಪಂಚ," ಎಂದೆ. "ನನ್ನದು ಇಡೀ ಹುಲ್ಲುಗಾವಲು ನೋಡುತ್ತೆ."

"ನೋಡುತ್ತೆ, ನೋಡುತ್ತೆ. ಕಾಣಿಸಲ್ಲ ಅಷ್ಟೇ."

ಈ ಮನುಷ್ಯ ಮಧ್ಯಾಹ್ನ ತಕ್ಕಡಿಯ ನೆಲಮಾಳಿಗೆಯಲ್ಲಿ ಕೂತು ಬರೀ ಬಿಸ್ಕತ್ತು ತಿನ್ನುತ್ತಾರೆ ಎಂದು ಮನೆಯಲ್ಲಿ ನಗುತ್ತ ಹೇಳಿದೆ. ಅಕ್ಕ ನಗಲಿಲ್ಲ.

ಮಾರ್ಚ್ 8

ಅಕ್ಕನ ಅಂಗಡಿ ಒಂದಕ್ಕೆ ಮುಚ್ಚಿ ಮೂರಕ್ಕೆ ತೆರೆಯುತ್ತದೆ. ಆ ನಡುವೆ ನನಗೆ ಡಬ್ಬಿ ತರುವುದು ಅವಳ ರೂಢಿ. ಇವತ್ತು ಎರಡು ಡಬ್ಬಿ ತಂದಿದ್ದಳು.

"ಇದು ಯಾರಿಗೆ?"

"ನಿನ್ನ ಶತ್ರುಗೆ. ಹೊಟ್ಟೆಗಿಲ್ಲದೋರ ಜೊತೆ ಸ್ಪರ್ಧೆ ಮಾಡಿ ಗೆದ್ರೆ ಅದೇನು ಗೆಲುವು?"

ಸರಿ. ಶತ್ರುವಿನ ಆರೋಗ್ಯ ಚೆನ್ನಾಗಿದ್ದರೆ ಹೋಲಿಕೆ ಹೆಚ್ಚು ನಂಬುವಂತಿರುತ್ತದೆ.

ಮಾರ್ಚ್ 12

ವಿಚಿತ್ರ. ಒಂದೂವರೆ ದಾಟಿದ ಮೇಲೆ ತೊಟ್ಟಿ ಇದ್ದಕ್ಕಿದ್ದಂತೆ ಸುಮಾರು ಅರ್ಧ ಕಿಲೋ ಭಾರವಾಯಿತು. ಇಬ್ಬನಿ ಬಿದ್ದರೆ ತೊಟ್ಟಿಯ ಭಾರ ಹೆಚ್ಚುತ್ತದೆ, ಒಪ್ಪೋಣ. ಆದರೆ ಅದು ಬೆಳಗಿನ ಜಾವ. ಇದು ಮಟಮಟ ಮಧ್ಯಾಹ್ನ. ಮೋಡವಿಲ್ಲ, ಮಳೆಯಿಲ್ಲ, ನನ್ನ ಕಂಬಕ್ಕೆ ಒಂದು ಹನಿಯ ಸುಳಿವೂ ಇಲ್ಲ.

ಯಾರಾದರೂ ನೀರು ಹಾಕಿದರೇ ಎಂದು ಒಂದು ಕ್ಷಣ ಯೋಚಿಸಿದೆ. ಆದರೆ ತೊಟ್ಟಿಯವರು ತಮ್ಮ ತೊಟ್ಟಿಯ ಮೇಲೆ ನೊಣ ಕೂರಲೂ ಬಿಡುವವರಲ್ಲ. ಆ ಊಹೆಯನ್ನು ಕೈಬಿಟ್ಟೆ.

ಅಕ್ಕ ಇತ್ತೀಚೆಗೆ ನನ್ನ ಡಬ್ಬಿಯನ್ನು ಮೇಜಿನ ಮೇಲಿಟ್ಟು ಕೂರದೆ ಹೋಗುತ್ತಾಳೆ. ಒಳ್ಳೆಯದೇ. ಆ ಹೊತ್ತಿಗೆ ನನಗೂ ಪರದೆಯ ಮೇಲೆ ಕೆಲಸವಿರುತ್ತದೆ.

ಮಾರ್ಚ್ 14

ಇವತ್ತೂ ಇಬ್ಬನಿ. ನಿನ್ನೆಯೂ ಇತ್ತು. ಹೆಚ್ಚುಕಡಿಮೆ ಅದೇ ಹೊತ್ತು.

ಖುಷಿಯಾಗುತ್ತಿದೆ ಎಂದು ಬರೆಯುವುದು ಸರಿಯಲ್ಲ. ಬರೆಯುವುದಿಲ್ಲ.

ಮಾರ್ಚ್ 18, ಸೋಮವಾರ

ನಿನ್ನೆ ಭಾನುವಾರ. ನಿನ್ನೆ ಇಬ್ಬನಿ ಬೀಳಲಿಲ್ಲ! ಇಬ್ಬನಿಗೂ ವಾರದ ರಜೆ.

ಬೆಳಿಗ್ಗೆಯಿಂದ ಇದನ್ನೇ ಯೋಚಿಸಿ ಕೊನೆಗೆ ಎಳೆ ಹಿಡಿದೆ. ನಮ್ಮ ಬೇಲಿಯಾಚೆ ಮರ ಕೊಯ್ಯುವವರ ಕಾರ್ಖಾನೆಯಿದೆ. ಅದಕ್ಕೂ ಭಾನುವಾರ ರಜೆ. ಹೋಗಿ ವಿಚಾರಿಸಿದೆ. ಬಾಗಿಲಲ್ಲಿ ಒಬ್ಬ ಬಡಗಿ ಮರದ ಹೊಟ್ಟು ಕೊಡವುತ್ತ ನಿಂತಿದ್ದ.

"ನಿಮ್ಮ ಗರಗಸ ಮಧ್ಯಾಹ್ನ ಎಷ್ಟು ಹೊತ್ತಿಗೆ ನಿಲ್ಲುತ್ತೆ?"

"ಹೊಟ್ಟೆ ಹಸಿದಾಗ, ಸಾರ್."

"ಅಂದ್ರೆ ಒಂದೂವರೆ?"

"ಹೆಚ್ಚುಕಡಿಮೆ. ಯಾಕೆ, ಸದ್ದು ಜಾಸ್ತಿ ಆಯ್ತಾ?"

"ಇಲ್ಲ, ನಿಂತಾಗ ತೊಂದರೆ ಆಗುತ್ತೆ."

ಅವನು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಇನ್ನು ಮೇಲೆ ನಿಲ್ಲಿಸದೆ ತಿನ್ನೋಕೆ ಹೇಳ್ತೀನಿ ಎಲ್ಲರಿಗೂ," ಎಂದ.

ನನ್ನ ತರ್ಕ ಹೀಗೆ: ಗರಗಸದಿಂದ ನೆಲ ಅದುರುವುದು ನಿಂತೊಡನೆ ತಕ್ಕಡಿ ಕುಸಿದು ಕೂರುತ್ತದೆ, ಭಾರವಾದಂತೆ ತೋರಿಸುತ್ತದೆ. ಮೂರು ಪುಟ ಟಿಪ್ಪಣಿ ಬರೆದೆ. ಒಂದು ನಕ್ಷೆಯನ್ನೂ ಬಿಡಿಸಿದೆ. ನಕ್ಷೆ ಬಹಳ ಚೆನ್ನಾಗಿ ಬಂದಿದೆ.

ಮಾರ್ಚ್ 20

ಅಕ್ಕ ಕೇಳಿದಳು, "ತೊಟ್ಟಿಗೆ ಏನಾಗಿದೆ? ಕೆಟ್ಟಿದೆ ಅಂತ ಹೇಳ್ಕೊಂಡು ತಿರುಗ್ತಿದ್ದೀಯಂತೆ."

"ನಿನಗೆ ಅರ್ಥ ಆಗಲ್ಲ ಬಿಡು. ನೆಲ ಅದುರೋ ವಿಷಯ."

"ಪಾಪ, ಅಷ್ಟು ಚೆನ್ನಾಗಿ ನೋಡ್ಕೋತಾರೆ. ಅಂಚಿನ ಒಂದೊಂದು ಗರಿ ಹುಲ್ಲನ್ನೂ ಕತ್ತರಿಯಲ್ಲಿ ಕತ್ತರಿಸ್ತಾರೆ, ಗೊತ್ತಾ? ನನ್ನ ಕತ್ತರಿಗಿಂತ ಹರಿತ ಇದೆ ಅದು."

"ನಿನಗೆ ಹೇಗೆ ಗೊತ್ತು?"

"ಡಬ್ಬಿ ಕೊಡೋಕೆ ಹೋಗ್ತೀನಲ್ಲ. ಕಣ್ಣು ಮುಚ್ಚಿಕೊಂಡು ಕೊಡ್ಲಾ?"

ಆಮೇಲೆ ಬೆನ್ನು ತಿರುಗಿಸಿ ಹೊಲಿಗೆಗೆ ಕೂತಳು. "ಅರ್ಥ ಆಗಲ್ಲ" ಎಂದದ್ದಕ್ಕೆ ಇರಬೇಕು. ವಿವರಿಸಬಹುದಿತ್ತು. ಆದರೆ ಅದಕ್ಕೆ ಮೊದಲಿನಿಂದ ಹೇಳಬೇಕು, ಮತ್ತು ಅವಳು ನಡುನಡುವೆ ಪ್ರಶ್ನೆ ಕೇಳುತ್ತಾಳೆ.

ಮಾರ್ಚ್ 22, ಶುಕ್ರವಾರ

ಹೋಲಿಕೆಯ ನಡುವಿನ ಸಭೆ. ಮೂರು ಪುಟವನ್ನೂ ಓದಿದೆ, ನಕ್ಷೆ ತೋರಿಸಿದೆ. ಮೇಡಂ ತೊಟ್ಟಿಯವರ ಕಡೆ ತಿರುಗಿದರು.

"ನೀವೇನು ಹೇಳ್ತೀರಿ? ಮಧ್ಯಾಹ್ನದಲ್ಲಿ ಇಬ್ಬನಿ ಹೇಗೆ?"

ದೊಡ್ಡ ಜಗಳಕ್ಕೆ ಸಿದ್ಧನಾಗಿದ್ದೆ. ಹನ್ನೆರಡು ವರ್ಷದಲ್ಲಿ ಈ ಮನುಷ್ಯ ತನ್ನ ತಕ್ಕಡಿಯ ಬಗ್ಗೆ ಎಳ್ಳಷ್ಟೂ ಬಿಟ್ಟುಕೊಟ್ಟದ್ದನ್ನು ನಾನು ಕಂಡಿಲ್ಲ. ಒಮ್ಮೆ ಒಂದು ಇಲಿ ತೊಟ್ಟಿಯನ್ನು ದಾಟಿಹೋದದ್ದನ್ನು ಭಾರದಲ್ಲೇ ಗುರುತಿಸಿ, ಅದು ಬಸುರಿ ಇಲಿ ಎಂದು ವಾದಿಸಿದವರು.

ಅವರು ಮೇಜಿನ ಅಂಚನ್ನು ನೋಡುತ್ತ ಹೇಳಿದರು, "ಏನೋ ದೋಷ ಇರಬೇಕು, ಮೇಡಂ. ಕಾರಣ ಗೊತ್ತಿಲ್ಲ."

"ಗೊತ್ತಿಲ್ವಾ? ನಿಮಗೆ?"

"ಗೊತ್ತಿಲ್ಲ."

ಗೆದ್ದ ಹಾಗೆ ಆಯಿತು. ಜೋರಾಗಿ ತಳ್ಳಿದ ಬಾಗಿಲು ಮೊದಲೇ ತೆರೆದಿದ್ದರೆ ಮುಗ್ಗರಿಸುತ್ತೇವಲ್ಲ, ಹಾಗೆ. ಹೊರಗೆ ಬಂದು ನೋಡಿದರೆ ಅವರು ಮೆಲ್ಲಗೆ ಶಿಳ್ಳೆ ಹಾಕುತ್ತ ನೆಲಮಾಳಿಗೆಗೆ ಇಳಿಯುತ್ತಿದ್ದರು. ಕೋಟಿಗೆ ನಡುವಿನ ಗುಂಡಿ ಬಂದಿತ್ತು.

ಮಾರ್ಚ್ 26

ಮೇಡಂ ಹೇಳಿ ಕಳಿಸಿದ್ದಾರೆ: ಕೊನೆಯ ಸಭೆ ಏಪ್ರಿಲ್ ಐದಕ್ಕೆ, ದೋಷ ಯಾವುದೆಂದು ಸಾಬೀತು ಬೇಕು, ಗರಗಸದ ಕಥೆ ಸಾಲದು. "ಕಥೆ" ಎಂದು ಅವರೇ ಬಳಸಿದ ಪದ.

ಅಕ್ಕನಿಗೆ ಕೇಳಿದೆ, ಅಳತೆ ತಪ್ಪಾದರೆ ನೀನು ಹೇಗೆ ಪತ್ತೆ ಮಾಡುತ್ತೀ ಎಂದು. ಏಕೆ ಕೇಳಿದೆನೋ ಗೊತ್ತಿಲ್ಲ.

"ಟೇಪು ಕಂಡ ತಕ್ಷಣ ಜನ ಹೊಟ್ಟೆ ಒಳಗೆ ಎಳ್ಕೋತಾರೆ," ಎಂದಳು. "ಗಂಡಸರಂತೂ ಉಸಿರೇ ನಿಲ್ಲಿಸ್ತಾರೆ. ನಾನು ಏನಾದ್ರೂ ಒಂದು ನಗೋ ಮಾತು ಹೇಳ್ತೀನಿ. ನಕ್ಕಾಗ ಅಳೀತೀನಿ."

"ನನಗೂ ಹಾಗೇ ಅಳೀತಿದ್ಯಾ?"

"ನಿನಗೆ ಅಂದಾಜಲ್ಲಿ ಹೊಲೀತೀನಿ, ಪುಟ್ಟ. ನೀನು ನಗೋ ತನಕ ಕಾದ್ರೆ ಬಟ್ಟೆ ಹಳೇದಾಗುತ್ತೆ."

ಮಾರ್ಚ್ 29, ಶುಕ್ರವಾರ

ನಿಯಮ ಮುರಿದು ಮಧ್ಯಾಹ್ನ ಹೊರಗೆ ಹೋದೆ. ದೋಷವನ್ನು ಕೈಯಾರೆ ಹಿಡಿಯಬೇಕೆಂದು.

ಕಂಬದ ಮರೆಯಲ್ಲಿ ನಿಂತು ನೋಡಿದೆ.

ಅಕ್ಕ ಡಬ್ಬಿ ತೊಳೆದ ನೀರನ್ನು ತೊಟ್ಟಿಯ ಹುಲ್ಲಿಗೆ ಸುರಿದಳು. ಅಂಚಿನಾಚೆ ನಿಂತು, ಹುಲ್ಲು ತುಳಿಯದೆ, ಕೈ ಚಾಚಿ. ಕುಡಿದು ಉಳಿದ ನೀರನ್ನೂ ಸುರಿದಳು. ತೊಟ್ಟಿಯವರು ನೆಲಮಾಳಿಗೆಯ ಮೆಟ್ಟಿಲ ಮೇಲೆ ಕೂತು ನೋಡುತ್ತಿದ್ದರು. ತಡೆಯಲಿಲ್ಲ.

ಅಕ್ಕ ನಗುತ್ತಿದ್ದಳು. ಗಾಳಿ ಈ ಕಡೆಗಿತ್ತು, ಹಾಗಾಗಿ ಕೇಳಿಸಿತು.

ಮಾರ್ಚ್ 30

ನಿನ್ನೆಯ ಅಂಕಿಗಳನ್ನು ಶುದ್ಧ ಮಾಡಿದೆ. ಮಧ್ಯಾಹ್ನದ ಒಂದು ತುಂಡನ್ನು ತೆಗೆದುಹಾಕಬೇಕಾಯಿತು. ಕಂಬದ ಬಳಿ ಬೆಚ್ಚಗಿನ, ತೇವದ ಪ್ರಾಣಿಯೊಂದು ಇದ್ದ ಗುರುತು ಸ್ಪಷ್ಟವಾಗಿ ಬಂದಿದೆ. ಬಿಟ್ಟ ಉಸಿರುಗಳನ್ನು ಬೇಕಾದರೆ ಎಣಿಸಬಹುದು. ನಡುವೆ ಒಂದಷ್ಟು ಹೊತ್ತು ಪ್ರಾಣಿ ಉಸಿರು ಹಿಡಿದಿತ್ತೆಂದು ತೋರುತ್ತದೆ.

ಮನೆಯಲ್ಲಿ ಏನೂ ಹೇಳಲಿಲ್ಲ. ಅಕ್ಕ ಯಾವುದೋ ಹಳೆಯ ರಾಗ ಗುನುಗುತ್ತ ಗುಂಡಿಯ ಕಾಜಾ ಹೊಲಿಯುತ್ತಿದ್ದಳು. ಅವಳು ಗುನುಗುವುದು ಎಂದಿನಿಂದ? ಒಂದೇ ಮನೆಯಲ್ಲಿರುವವನಿಗೆ ಇದು ತಿಳಿದಿರಬೇಕಿತ್ತು. ಕಂಬಗಳಿಗೆ ಐದರಲ್ಲೊಂದು ಪಾಲು ಏಕೆ ಕಾಣಿಸುವುದಿಲ್ಲ ಎನ್ನುವುದಕ್ಕೆ ಒಂದು ವಾದವಿದೆ: ಚಿಕ್ಕ, ಚುರುಕಾದ ಸುಳಿಗಳೆಲ್ಲ ಸಿಗುತ್ತವಂತೆ, ದೊಡ್ಡವು, ಬಹಳ ನಿಧಾನವಾಗಿ ಚಲಿಸುವಂಥವು, ಒಂದೇ ಕಡೆ ನಿಂತವನ ಲೆಕ್ಕಕ್ಕೆ ಬರುವುದಿಲ್ಲವಂತೆ. ಇದನ್ನು ವರದಿಗೆ ಸೇರಿಸಬೇಕೋ ಬೇಡವೋ ಯೋಚಿಸಬೇಕು.

ಏಪ್ರಿಲ್ 2

ನೆಲಮಾಳಿಗೆಗೆ ಇಳಿದೆ. ಇಷ್ಟು ವರ್ಷದಲ್ಲಿ ಮೊದಲ ಸಲ. ತಂಪಾಗಿದೆ. ತೊಟ್ಟಿಯವರು ತಕ್ಕಡಿಯ ಪಕ್ಕ ಕುರ್ಚಿ ಎಳೆದು ಕೊಟ್ಟರು. ಸುತ್ತಿ ಬಳಸಿ ಮಾತಾಡಲು ನನಗೆ ಬರುವುದಿಲ್ಲ.

"ನೀರು ಹಾಕೋದು ನಮ್ಮಕ್ಕ. ನಿಮಗೆ ಗೊತ್ತಿತ್ತು."

"ಎದುರಿಗೇ ಕೂತಿರ್ತೀನಿ. ಗೊತ್ತಾಗದೆ ಇರುತ್ತಾ?"

"ಬೇಡ ಅನ್ನಬಾರದಿತ್ತಾ?"

"ಮೊದಲನೇ ದಿನ ಅನ್ನೋಕೆ ಬಾಯಿ ತೆಗೆದೆ. ಅಷ್ಟರಲ್ಲಿ ಅವರು, 'ಪಾಪ, ಎಷ್ಟು ಬಾಯಾರಿದೆ ನೋಡಿ' ಅಂದ್ರು. ಹುಲ್ಲಿಗೆ. ತೆಗೆದ ಬಾಯಿ ಹಾಗೇ ಇತ್ತು, ಒಂದು ತುತ್ತು ಇಟ್ಕೊಂಡೆ."

"ಎರಡನೇ ದಿನ?"

"ಎರಡನೇ ದಿನ ಹೇಳಿದ್ರೆ, ನಿನ್ನೆ ಯಾಕೆ ಹೇಳಲಿಲ್ಲ ಅಂತ ಕೇಳ್ತಿದ್ರು."

"ಆಮೇಲೆ?"

"ಆಮೇಲೆ ಅಭ್ಯಾಸ ಆಯ್ತು."

"ತಕ್ಕಡಿಗಾ?"

"ನನಗೆ ಕಣ್ರೀ."

ತಕ್ಕಡಿಯ ಅಂಕಿ ನಮ್ಮಿಬ್ಬರ ಪಕ್ಕದಲ್ಲಿ ಒಂದೊಂದೇ ಗ್ರಾಂ ಇಳಿಯುತ್ತಿತ್ತು. ಮೇಲೆ ಬಿಸಿಲು ತನ್ನ ಕೆಲಸ ಮಾಡುತ್ತಿತ್ತು.

"ಗೊತ್ತಾದ್ರೆ ಅವರು ಮತ್ತೆ ಈ ಕಡೆ ಬರಲ್ಲ," ಎಂದರು. "ನಾಚಿಕೆ ಸ್ವಭಾವ."

"ಯಾರದು? ನಮ್ಮಕ್ಕಂದಾ?"

"ಹೌದು. ಯಾಕೆ?"

ಅಂಗಡಿಗೆ ಬಂದ ಪೊಲೀಸರನ್ನೇ ಹೊಟ್ಟೆ ಬಿಡಿ ಎಂದು ಗದರಿಸುವವಳು. ಇರಲಿ. ಈ ವಿಷಯದಲ್ಲಿ ಅವರ ಅಳತೆ ನನ್ನದಕ್ಕಿಂತ ಹತ್ತಿರದ್ದು.

"ತೊಟ್ಟಿ ಮುಚ್ತಾರೆ. ನಿಮಗೆ ವರ್ಗ ಆಗುತ್ತೆ."

"ಆಗ್ಲಿ. ಸುಮ್ನೆ ಗೆದ್ದುಬಿಡಿ ಕಂಬದೋರೆ, ಕಷ್ಟ ಏನಿದೆ ಅದರಲ್ಲಿ? ನನಗೆ ಇನ್ನು ಮೂರು ನಾಲ್ಕು ಮಧ್ಯಾಹ್ನ ಇದೆ. ಅದನ್ನ ಮಾತ್ರ ಕೆಡಿಸಬೇಡಿ."

ಏಪ್ರಿಲ್ 4

ತೊಟ್ಟಿಯ ಅಂಕಿಗಳಿಂದ ಅಕ್ಕನ ನೀರನ್ನು ದಿನದಿನವೂ ಕಳೆದೆ. ಉಳಿದ ಗೆರೆ ಎಷ್ಟು ಶುದ್ಧವಾಗಿದೆಯೆಂದರೆ ಅದನ್ನು ನೋಡುತ್ತ ಕೂತುಬಿಟ್ಟೆ. ಬಿಸಿಲು ಏರಿದಂತೆ ಏರಿ, ಇಳಿದಂತೆ ಇಳಿಯುವ ಗೆರೆ. ತೊಟ್ಟಿ ಒಂದು ದಿನವೂ ಸುಳ್ಳು ಹೇಳಿಲ್ಲ. ಪಕ್ಕದಲ್ಲಿ ನನ್ನ ಕಂಬದ ಗೆರೆ, ಅದೇ ಆಕಾರ, ಒಂದು ಮೆಟ್ಟಿಲು ಕೆಳಗೆ. ಆವಿಯಲ್ಲೇ ಐದರಲ್ಲೊಂದು ಪಾಲು ಕಡಿಮೆ.

ನಾಳೆ ಸುಮ್ಮನಿದ್ದರೆ ಸಾಕು. ಏನೂ ಹೇಳಬೇಕಾಗಿಲ್ಲ. ಗರಗಸ ಇದೆ, ನಕ್ಷೆ ಇದೆ, ಅವರ ಬಾಯಿಂದಲೇ ಬಂದ "ದೋಷ" ಇದೆ. ನಾನು ಇಲ್ಲೇ ಇರುತ್ತೇನೆ, ಅಕ್ಕ ಇಲ್ಲೇ ಇರುತ್ತಾಳೆ, ಒಂದೇ ಡಬ್ಬಿ ಬರುತ್ತದೆ.

ಅಕ್ಕ ಕೇಳಿದಳು, "ನಾಳೆ ಸಭೆ ಅಲ್ವಾ? ಬಿಳಿ ಅಂಗಿ ಇಸ್ತ್ರಿ ಮಾಡಿದ್ದೀನಿ. ಗೆಲ್ಲೋರ ಥರ ಕಾಣು." ಹೇಳುವಾಗ ಅವಳು ನನ್ನ ಕಡೆ ನೋಡುತ್ತಿರಲಿಲ್ಲ. ಅಂಗಿಯ ಕಾಲರಿನ ಮೇಲೆ ಇಲ್ಲದ ನೂಲೊಂದನ್ನು ಕೀಳುತ್ತಿದ್ದಳು.

ಏಪ್ರಿಲ್ 5, ಶುಕ್ರವಾರ

ಹೇಳಿದೆ.

ನನ್ನ ಸರದಿ ಬಂದಾಗ ಎದ್ದು, "ತೊಟ್ಟಿಯಲ್ಲಿ ದೋಷ ಇಲ್ಲ ಮೇಡಂ. ದಿನಾ ಮಧ್ಯಾಹ್ನ ಅದಕ್ಕೆ ಯಾರೋ ನೀರು ಹಾಕ್ತಿದ್ರು. ಹಾಕಿದ್ದನ್ನ ಹಾಕಿದಷ್ಟೇ ತೂಗಿದೆ," ಎಂದೆ.

ತೊಟ್ಟಿಯವರು ಮೇಜಿನ ಕೆಳಗೆ ನನ್ನ ಕಾಲು ತುಳಿದರು. ಗಟ್ಟಿಯಾದ ಬೂಟು.

"ಯಾರೋ ಅಂದ್ರೆ?" ಮೇಡಂ ಕನ್ನಡಕ ತೆಗೆದರು.

"ನಮ್ಮಕ್ಕ."

"ನಿಮ್ಮಕ್ಕ ಇವರ ತೊಟ್ಟಿಗೆ ಯಾಕೆ ನೀರು ಹಾಕ್ತಾರೆ?"

"ಡಬ್ಬಿ ತೊಳೆದ ನೀರು. ಡಬ್ಬಿ ಹೋಗೋಕೆ ಕಾರಣ ನಾನು."

ಮೇಡಂ ಒಮ್ಮೆ ತೊಟ್ಟಿಯವರನ್ನು ನೋಡಿದರು. ಅವರ ಕಿವಿ ಕೆಂಪಾಗಿತ್ತು. ಆಮೇಲೆ ಕಿಟಕಿಯ ಕಡೆ ತಿರುಗಿ, ಕೆಮ್ಮು ಬಂದವರಂತೆ ಕರವಸ್ತ್ರ ಹಿಡಿದರು. "ಹಾಗಾದ್ರೆ ಇದನ್ನ ದೋಷ ಅನ್ನಬಾರದು," ಎಂದರು ಸ್ವಲ್ಪ ಹೊತ್ತಾದ ಮೇಲೆ. "ನೀರಾವರಿ ಅನ್ನಬೇಕು."

ನಾನು ಎರಡು ಗೆರೆಗಳನ್ನೂ ತೋರಿಸಿದೆ. ಕಂಬದ ಗೆರೆಯ ಮೇಲೆ ಬೆರಳಿಟ್ಟು, "ಕಡಿಮೆ ತೋರಿಸ್ತಿರೋದು ನನ್ನದು," ಎಂದೆ.

"ಇದನ್ನ ನೀವೇ ಹೇಳ್ತಿದ್ದೀರಾ?"

"ಇವರು ಹೇಳಲ್ಲ ಮೇಡಂ. ಇವರ ಗಮನ ಬೇರೆ ಕಡೆ ಇದೆ."

ತೊಟ್ಟಿ ಉಳಿಯುತ್ತದೆ. ಕಂಬ ಮತ್ತು ನಾನು ಮೇ ತಿಂಗಳಲ್ಲಿ ಹೊಸ ಕೇಂದ್ರಕ್ಕೆ. ಕಾರಿಡಾರಿನಲ್ಲಿ ತೊಟ್ಟಿಯವರು ನನ್ನ ತೋಳು ಹಿಡಿದು ನಿಲ್ಲಿಸಿದರು. ಬೈಯುತ್ತಾರೆ ಎಂದುಕೊಂಡೆ. ಬೈದರು. "ನನ್ನ ಸುಳ್ಳು ನನ್ನ ಪಾಡಿಗೆ ಇತ್ತಲ್ಲ ಕಣ್ರೀ! ಈಗ ಅವರ ಮುಖ ಹೇಗೆ ನೋಡ್ಲಿ?"

ಕಾಲು ಇನ್ನೂ ನೋಯುತ್ತಿದೆ.

ಏಪ್ರಿಲ್ 6

ನಿನ್ನೆ ಸಂಜೆಯದನ್ನು ಈಗ ಬರೆಯುತ್ತಿದ್ದೇನೆ. ನಿನ್ನೆ ಬರೆಯುವ ಸ್ಥಿತಿಯಿರಲಿಲ್ಲ.

"ನಾನು ನೀರು ಹಾಕಿದ್ದು ಸಭೆಯಲ್ಲಿ ಹೇಳಿದ್ಯಾ? ಎಲ್ಲರೆದುರು? ಹೆಸರು ಹಿಡಿದು?" ಅಕ್ಕನ ಕೈಯಲ್ಲಿ ಕತ್ತರಿಯಿತ್ತು.

"ಹೆಸರು ಹೇಳಲಿಲ್ಲ. ನಮ್ಮಕ್ಕ ಅಂದೆ."

"ಎಷ್ಟು ಜನ ಅಕ್ಕಂದಿರು ನಿನಗೆ?"

"ಒಬ್ಬಳೇ."

"ಹಾಗಾದ್ರೆ ಹೆಸರು ಹೇಳಿದ ಹಾಗೇ ಆಯ್ತಲ್ಲೋ! ನೀವು ನೀವೇ ಕೂತು ನನ್ನ ಬಗ್ಗೆ ಸಭೆ ಮಾಡಿದ್ರಾ? ನನ್ನ ಒಂದು ಮಾತು ಕೇಳ್ಬೇಕು ಅನ್ನಿಸಲಿಲ್ವಾ ಯಾರಿಗೂ? ನೀರು ಹಾಕಬಾರದು ಅಂತ ಮೊದಲೇ ಹೇಳಿದ್ರೆ ನಾನೇನು ಅಳ್ತಾ ಕೂರ್ತಿದ್ನಾ?"

ಬಹಳ ಹೇಳಿದಳು. ಎಲ್ಲ ಸರಿಯಾಗಿತ್ತು. ಆಮೇಲೆ ಒಮ್ಮೆಲೇ ಯಂತ್ರದ ಮುಂದೆ ಕೂತಳು.

"ಒಂದು ತಿಂಗಳು ಹೇಳಲೇ ಇಲ್ವಾ ಅವರು?"

"ಇಲ್ಲ."

"ತಕ್ಕಡಿ ಕೆಟ್ಟಿದೆ ಅಂತ ಒಪ್ಪಿಕೊಂಡ್ರಾ?"

"ಎಲ್ಲರ ಮುಂದೆ."

"ಆ ಬಸುರಿ ಇಲಿ ತೂಕ ಹಾಕಿದ ತಕ್ಕಡಿನಾ?"

ಇಲಿಯ ವಿಷಯ ನಾನು ಹೇಳಿರಲಿಲ್ಲ. ತಲೆಯಾಡಿಸಿದೆ.

ಅವಳು ಬಟ್ಟೆಯಿಲ್ಲದೆ ಯಂತ್ರ ತುಳಿಯತೊಡಗಿದಳು. ಸೂಜಿ ಮೇಲೆ ಕೆಳಗೆ ಹೋಗುತ್ತಿತ್ತು. ತುಳಿಯುತ್ತಲೇ, "ನೀನು ಹೋಗ್ಬೇಕಾಗುತ್ತೆ ಅಂತ ಗೊತ್ತಿದ್ದೂ ಹೇಳಿದ್ಯಾ?" ಎಂದಳು.

"ಅಂಕಿ ಹಾಗಿತ್ತು," ಎಂದೆ.

"ಅಂಕಿ!" ಎಂದಳು. "ಭಾನುವಾರ ಅವರನ್ನ ಊಟಕ್ಕೆ ಕರಿ. ನಿನ್ನ ಬಾಯಲ್ಲೇ ಕರಿ. ಸಭೆಯಲ್ಲಿ ಅಷ್ಟು ಚೆನ್ನಾಗಿ ಮಾತಾಡ್ತೀಯಲ್ಲ."

ಏಪ್ರಿಲ್ 7, ಭಾನುವಾರ

ಬಂದಿದ್ದರು. ಬಾಚಿದ ತಲೆ. ಹವಾಮಾನದ ಬಗ್ಗೆ ಮಾತಾಡಿದೆವು. ಆ ವಿಷಯ ನಮ್ಮಿಬ್ಬರಿಗೂ ತಿಳಿದಿರುವುದರಿಂದ ಬೇಗ ಮುಗಿದುಹೋಯಿತು.

ಊಟದ ನಡುವೆ ಅಕ್ಕ ತಟ್ಟೆ ನೋಡುತ್ತ, "ಇನ್ನು ಮೇಲೆ ನೀರು ಹಾಕಲ್ಲ," ಎಂದಳು.

"ಬೇಡಿ. ಅಂದ್ರೆ, ಹಾಕಿದ್ರೂ ಕಳೀಬಹುದು. ನಿಮ್ಮ ತಮ್ಮ ಚೆನ್ನಾಗಿ ಕಳೀತಾರೆ."

"ಹಾಕಲ್ಲ. ಬಂದ್ರೆ ಪರವಾಗಿಲ್ವಾ?"

"ಬನ್ನಿ ಬನ್ನಿ."

"ಬಂದೋಳು ದಿನಾ ವಾಪಸ್ ಹೋಗ್ಬೇಕಾ?"

ತೊಟ್ಟಿಯವರ ಕೈಯಿಂದ ಚಮಚ ಬಿತ್ತು. ನಾನು ನೀರು ತರುತ್ತೇನೆಂದು ಎದ್ದು ಅಡುಗೆಮನೆಗೆ ಹೋದೆ. ಹೂಜಿ ಮೇಜಿನ ಮೇಲೇ ಇತ್ತು, ತುಂಬಿತ್ತು. ಅಡುಗೆಮನೆಯಲ್ಲಿ ನಿಂತು ಗೋಡೆಯ ಕ್ಯಾಲೆಂಡರನ್ನು ಓದಿದೆ. ಹಿಂದಿನ ತಿಂಗಳದು, ಯಾರೂ ಹಾಳೆ ತಿರುಗಿಸಿರಲಿಲ್ಲ. ತಿರುಗಿಸಿದೆ. ವಾಪಸ್ ಬಂದಾಗ ಇಬ್ಬರೂ ನಗುತ್ತಿದ್ದರು, ಚಮಚ ಇನ್ನೂ ನೆಲದ ಮೇಲಿತ್ತು.

ಏಪ್ರಿಲ್ 17

ಕಂಬ ಇನ್ನೂ ನಿಂತಿದೆ, ಮುಂದಿನ ವಾರ ಕೀಳುತ್ತಾರೆ. ಮಧ್ಯಾಹ್ನ ನಾನೂ ತೊಟ್ಟಿಯ ಮೂಲೆಗೆ ಹೋಗುತ್ತೇನೆ, ಮೂವರೂ ಅಲ್ಲೇ ಊಟ ಮಾಡುತ್ತೇವೆ. ದಾರಿಯಲ್ಲಿ ಕಂಬದ ಪಕ್ಕದಿಂದಲೇ ಹಾಯಬೇಕು. ಏನು ಬೇಕಾದರೂ ಬರೆದುಕೊಳ್ಳಲಿ.

ಇವತ್ತು ಅಕ್ಕ ಬೇಲಿಯಾಚೆಯ ಬಡಗಿಯಿಂದ ಗರಗಸದ ಸಂಗತಿ ಕೇಳಿಕೊಂಡು ಬಂದಿದ್ದಳು. ನನ್ನ ಥರ ನಿಂತು, ನನ್ನ ದನಿಯಲ್ಲಿ, "ನಿಂತಾಗ ತೊಂದರೆ ಆಗುತ್ತೆ," ಎಂದು ಮಾಡಿ ತೋರಿಸಿದಳು. ಮಧ್ಯಾಹ್ನದ ಮೇಲೆ ಪಕ್ಕೆಗಳು ನೋಯುತ್ತಿವೆ. ತಂಪು ನೆಲದ ಮೇಲೆ ಕೂತದ್ದಕ್ಕೆ ಇರಬೇಕು.

ಹೊಸ ಅಂಗಿಗೆ ಅಳತೆ ತೆಗೆದುಕೊಂಡಳು, ಅಲ್ಲೇ, ಆಗಲೇ. ನನ್ನ ಹೊಟ್ಟೆ ನಾನು ತಿಳಿದದ್ದಕ್ಕಿಂತ ಎರಡು ಇಂಚು ಹೆಚ್ಚಿದೆ.

ಮೇ 3

ಅಕ್ಕ, ತೊಟ್ಟಿಯವರು ಮದುವೆ ನೋಂದಣಿ ಕಚೇರಿಯಲ್ಲಿ ಸಹಿ ಹಾಕಿ ಬಂದರು. ಸಾಕ್ಷಿ ನಾನು ಮತ್ತು ಮೇಡಂ. ಮೇಡಂ ಸಹಿ ಮಾಡುವಾಗ, "ಇದು ಹೋಲಿಕೆಯ ಫಲಿತಾಂಶದಲ್ಲಿ ಸೇರಲ್ಲ," ಎಂದರು.

ಮನೆಯ ಬೀಗದ ಕೈ ಎರಡಿತ್ತು. ನನ್ನದನ್ನು ಕೊಟ್ಟೆ. ಅಕ್ಕ ವಾಪಸ್ ನನ್ನ ಜೇಬಿಗೇ ಹಾಕಿದಳು.

ಮೇ 16

ಹೊಸ ಕೇಂದ್ರ. ಸಮತಟ್ಟಾದ ಬಯಲು, ಮೊಣಕಾಲೆತ್ತರದ ಒಣಹುಲ್ಲು, ಬಿಡದ ಗಾಳಿ. ಕಂಬ ನಿಲ್ಲಿಸಲು ಒಬ್ಬನಿಂದಾಗದು ಎಂದು ಇಬ್ಬರೂ ರಜೆ ಹಾಕಿ ಜೊತೆಗೆ ಬಂದಿದ್ದಾರೆ. ನಾನು ಬೇಡವೆಂದಿದ್ದೆ. ಎಷ್ಟು ಗಟ್ಟಿಯಾಗಿ ಎಂದು ನೆನಪಿಲ್ಲ.

ನಾನು ಮೇಲೆ ಹತ್ತಿದೆ. ಕೆಳಗೆ ಭಾವ ಹಗ್ಗ ಹಿಡಿದಿದ್ದರು. ಅಕ್ಕ ಪೆಟ್ಟಿಗೆಯೊಂದರ ಮೇಲೆ ಕೂತು ನೆತ್ತಿಗೆ ಸೆರಗು ಹಾಕಿಕೊಂಡಿದ್ದಳು.

"ಎಡಕ್ಕೆ ವಾಲಿದೆ!" ಭಾವ ಕೂಗಿದರು.

"ಬಲಕ್ಕೆ! ನಿಮ್ಮ ಕಣ್ಣು ವಾಲಿದೆ!"

"ಹನ್ನೆರಡು ವರ್ಷ ವಾಲಿಸಿಕೊಂಡೇ ಅಳೆದ್ರೇನೋ! ಅದಕ್ಕೇ ಬಿಸಿ ಸೋರಿಹೋಗಿದ್ದು!"

"ಹಗ್ಗ ಹಿಡೀರಿ ಭಾವ, ಬಾಯಿ ಆಮೇಲೆ!"

"ಎರಡೂ ಒಟ್ಟಿಗೆ ಮಾಡಬಲ್ಲೆ!"

ಅಕ್ಕ ಎದ್ದಳು. ಸೊಂಟಕ್ಕೆ ಕೈಯಿಟ್ಟು, ಒಂದು ಕಣ್ಣು ಮುಚ್ಚಿ ಕಂಬವನ್ನು ಅಂಗಿಯ ಅಂಚಿನಂತೆ ನೋಡಿದಳು. "ನೆಟ್ಟಗಿದೆ ಕಣೋ ಪುಟ್ಟ. ಇಳಿ ಕೆಳಗೆ. ಊಟ ಆರಿಹೋಗ್ತಿದೆ."

ಕಂಬದ ತುದಿಯಲ್ಲಿ ಗುಂಡಗಿನ ಗಾಜಿನೊಳಗೆ ಒಂದು ಗುಳ್ಳೆಯಿರುತ್ತದೆ. ಕಂಬ ನೆಟ್ಟಗಿದ್ದರೆ ಗುಳ್ಳೆ ನಡುವಿನ ವೃತ್ತದೊಳಗಿರಬೇಕು. ಬಗ್ಗಿ ನೋಡಿದೆ. ವೃತ್ತದ ಗೆರೆಯನ್ನು ಮುಟ್ಟಿಕೊಂಡು, ಸ್ವಲ್ಪ ಹೊರಗೇ ಇತ್ತು.

ಇಳಿದೆ.